ಕೂಸಿಗೆ ಎರೆಯುವ ಕೈ

ಡಾಕ್ಟರು ಮರಾಠಿಯಲ್ಲಿ ಹೇಳಿ ಮುಗಿಸಿ ದುರ್ಗಾಳತ್ತ ನೋಡಿದರು. ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಅತ್ತೆ ಮಾನಮ್ಮ ಮೊಣಕೈಯಿಂದ ತಿವಿದಳು.

"ಏನಂತಾರ?"

ಗಂಡುಕೂಸುಗಳಿಗೆ ಉಚ್ಚೆ ಹೊಯ್ಯುವ ಜಾಗದ ತುದಿಯ ಚರ್ಮ ಬಿಗಿಯಾಗಿಯೇ ಇರುತ್ತದೆ, ತಾನಾಗಿ ಸಡಿಲಾಗಲು ವರ್ಷಗಳು ಬೇಕು ಎಂದಿದ್ದರು ಡಾಕ್ಟರು. ಈ ಕೂಸಿಗೆ ಯಾರೋ ದಿನಾ ಸ್ನಾನದ ಹೊತ್ತಿಗೆ ಅದನ್ನು ಹಿಂದಕ್ಕೆ ಎಳೆದೆಳೆದು ಒಳಗೆ ಹರಿದಿದೆ. ಹರಿದದ್ದು ಮಾಯುವಾಗ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದೆ. ಮೊದಲು ಕೊಟ್ಟ ಮುಲಾಮೂ ನಾಟಲಿಲ್ಲ. ಉಚ್ಚೆ ಸರಿಯಾಗಿ ಹೋಗದೆ ಮತ್ತೆ ಮತ್ತೆ ಜ್ವರ ಬರುತ್ತಿದೆ, ಹೀಗೇ ಬಿಟ್ಟರೆ ಮೂತ್ರಪಿಂಡಕ್ಕೆ ಕುತ್ತು, ಚರ್ಮ ಕತ್ತರಿಸಿ ತೆಗೆಯುವುದೊಂದೇ ದಾರಿ. ಎಳೆದದ್ದು ಹೇಗೆಂದು ತೋರಿಸಲು ಅವರು ತಮ್ಮ ಎಡಗೈ ಬೆರಳೊಂದನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದ್ದರು. ದಿನಾ ಸ್ನಾನ ಮಾಡಿಸುವುದು ಯಾರು ಎಂದು ಕೇಳಿದಾಗ ದುರ್ಗಾ ನಾನೇ ಎಂದು ಹೇಳಿ ಬೈಸಿಕೊಂಡಿದ್ದಳು.

ಎರೆಯುತ್ತಿದ್ದವಳು ಮಾನಮ್ಮ. ತಾಯಿಯಿಲ್ಲದ ಸೊಸೆಯ ಬಾಣಂತನಕ್ಕೆಂದು ಸುರಪುರದ ಕಡೆಯಿಂದ ಔಡಲೆಣ್ಣೆಯ ಡಬ್ಬಿ ಹೊತ್ತು ಬಂದವಳು, ಮರಾಠಿ ಸೀಮೆಯ ಕೊಂಢವಾ ಎಂಬ ಬಡಾವಣೆಯ ಈ ತಗಡಿನ ಕೋಣೆಯಲ್ಲಿ ಒಂದು ದಿನವೂ ಕೂಸಿನ ನೀರು ತಪ್ಪಿಸಿರಲಿಲ್ಲ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿ, ಮೂಗು ತೀಡಿ, ತಲೆ ದುಂಡಗೆ ಒತ್ತಿ, ಕೊನೆಗೆ ಎಣ್ಣೆ ಬೆರಳಲ್ಲಿ ಅಲ್ಲಿಯೂ ತಿಕ್ಕುತ್ತಿದ್ದಳು. ಒಳಗೆ ಹೊಲಸು ನಿಲ್ಲಬಾರದು ಎನ್ನುತ್ತಿದ್ದಳು. ಕೂಸು ವಿಕಾಸ ಕಿರುಚಿ ಕೆಂಪಾಗುತ್ತಿದ್ದ, ಅಜ್ಜಿ ನಗುತ್ತಿದ್ದಳು. ಮೊಮ್ಮಗನಿಗೆ ಎರೆಯುವುದು ಬಿಟ್ಟರೆ ಆ ಮುದುಕಿಗೆ ಲೋಕದಲ್ಲಿ ಮತ್ತೊಂದು ಸುಖವಿರಲಿಲ್ಲ.

"ಹುಟ್ಟಿನಿಂದ ಬಂದದ್ದಂತ್ರಿ ಅತ್ತಿ," ಎಂದಳು ದುರ್ಗಾ. "ಕೊಯ್ದು ತೆಗಿಬೇಕಂತ."

ಮಾನಮ್ಮ ಕೂಸನ್ನು ಎದೆಗೆ ಅವಚಿಕೊಂಡಳು. "ಸುನ್ನತಿ ಮಾಡ್ತಾರ ಅನ್ನು."

ಊರಲ್ಲಿ ಮೊಹರಮ್ಮಿಗೆ ತಪ್ಪದೆ ಪೀರಲ ದೇವರ ಮುಂದೆ ಸಕ್ಕರೆ ಓದಿಸುವವಳು ಅವಳು. ಅವಳ ಮೈದುನನ ಹೆಸರೇ ಹುಸೇನಪ್ಪ. ಆದರೂ ಹೊರಗೆ ರಿಕ್ಷಾ ಕಾಯುವಾಗ ಅವಳು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಊರಾಗಾದ್ರ ನಾ ಅಂಜತಿರಲಿಲ್ಲ. ಇದು ನಮ್ಮೂರಲ್ಲ. ನಾಳೆ ಎಲ್ಲ್ಯಾರ ಗಲಾಟಿ ಆದ್ರ ಚಡ್ಡಿ ಬಿಚ್ಚಿ ನೋಡ್ತಾರ. ದೇವರು ಕೊಟ್ಟ ಮೈ ಅದು. ಅವನ್ನ ಕೇಳಿ ಕೊಯ್ತೀರೇನು?"

"ಕೇಳಾಕ ಅವಗಿನ್ನ ಮಾತ ಬಂದಿಲ್ರಿ."

ಗಂಡ ಪ್ರೇಮಕುಮಾರ ದೂರದ ಕುರಕುಂಭದ ಕಾರ್ಖಾನೆಯಲ್ಲಿದ್ದ. ಫೋನಿನಲ್ಲಿ ಎಲ್ಲ ಕೇಳಿ, ಅವ್ವ ಹೇಳಿದಂತೆ ಮಾಡು ಎಂದು ಕೈ ತೊಳೆದುಕೊಂಡ. ದುರ್ಗಾಳ ನಾಲಗೆಯ ತುದಿಗೆ ಬಂದಿತ್ತು ಮಾತು: ನಿಮ್ಮವ್ವನ ಕೈಯಿಂದಲೇ ಆದದ್ದು. ಅಷ್ಟು ಹೇಳಿದ್ದರೆ ಗಂಡ, ಅತ್ತೆ ಇಬ್ಬರ ಬಾಯಿಯೂ ಕಟ್ಟುತ್ತಿತ್ತು. ಆದರೆ ಕೋಣೆಯ ಮೂಲೆಯಲ್ಲಿ ಮಾನಮ್ಮ ಜ್ವರದ ಕೂಸಿನ ಅಂಗಾಲು ಉಜ್ಜುತ್ತಾ ಕೂತಿದ್ದಳು. ದುರ್ಗಾ ಫೋನು ಇಟ್ಟಳು. ಮರುದಿನ ಒಬ್ಬಳೇ ಆಸ್ಪತ್ರೆಗೆ ಹೋಗಿ ಆಪರೇಷನ್ನಿಗೆ ಸಹಿ ಹಾಕಿದಳು.

ಆಮೇಲಿನ ದಿನಗಳನ್ನು ಅವಳು ಹೇಗೆ ಕಳೆದಳೋ. ಅತ್ತೆ ಅವಳ ಕೈಯ ರೊಟ್ಟಿ ಮುಟ್ಟಲಿಲ್ಲ. ಸೊಸೆ ಯಾರ ಮಾತೂ ಕೇಳದೆ ಮೊಮ್ಮಗನನ್ನು ಕೊಯ್ಸಿದಳು ಎಂದು ಊರಿಗೆಲ್ಲ ಫೋನು ಹೋಯಿತು. ರಜೆಗೆ ಬಂದ ಪ್ರೇಮಕುಮಾರ ಬ್ಯಾಂಡೇಜು ನೋಡಿ ಮಗನನ್ನು ಎತ್ತಿಕೊಳ್ಳದೆ ಹೊರಗೆ ಹೋಗಿ ಕೂತ. ದುರ್ಗಾ ಕೂಸಿಗೆ ಮೊಲೆ ಕೊಡುತ್ತಾ ಅಳುತ್ತಿದ್ದಳು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಅಳು ನಿಲ್ಲುತ್ತಿರಲಿಲ್ಲ.

ಗಾಯ ಮಾಯಿತು. ಜ್ವರ ಮತ್ತೆ ಬರಲಿಲ್ಲ. ಇನ್ನು ನೀರು ಹಾಕಬಹುದು ಎಂದು ಡಾಕ್ಟರು ಹೇಳಿದ ಮರುದಿನ ಬೆಳಿಗ್ಗೆ ಮಾನಮ್ಮ ಯಾರನ್ನೂ ಕೇಳದೆ ಎಣ್ಣೆ ಬಿಸಿ ಮಾಡಿ, ಬಚ್ಚಲಲ್ಲಿ ಕಾಲು ನೀಡಿ ಕೂತಳು. ದುರ್ಗಾ ಕೂಸನ್ನು ತಂದು ಅವಳ ಕಾಲ ಮೇಲೆ ಮಲಗಿಸಿದಳು. ಅತ್ತೆಯ ಕೋಪ ಇಳಿಯಿತೆಂದು ಅವಳಿಗೆ ಎಷ್ಟೋ ಹಾಯೆನಿಸಿತು.

ನೆತ್ತಿ, ಎದೆ, ಬೆನ್ನು, ತೊಡೆ. ವಿಕಾಸ ಕೇಕೆ ಹಾಕುತ್ತಿದ್ದ. ಎಣ್ಣೆಯ ಕೈ ಹೊಟ್ಟೆಯಿಂದ ಉಡದಾರದ ಕೆಳಗೆ ಇಳಿಯಿತೋ ಇಲ್ಲವೋ, ಅವನ ಮೈ ಕೊರಡಿನಂತೆ ಸೆಟೆಯಿತು. ಎರಡೂ ಕಾಲು ಮಡಚಿಕೊಂಡು, ಮುಟ್ಟುವ ಮೊದಲೇ ಚೀರತೊಡಗಿದ. ಮಾನಮ್ಮನ ಕೈ ಅಲ್ಲೇ ನಿಂತಿತು.

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಎಡಗೈಯ ಒಂದು ಬೆರಳನ್ನು ಬಲಗೈಯ ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಹಿಂದಕ್ಕೆ ಎಳೆದಳು.

"ಡಾಕ್ಟರು ತೋರಿಸಿದ್ದು ಹಿಂಗ ಅಲ್ಲೇನು?"

ದುರ್ಗಾ ಬಗ್ಗಿ ಕೂಸಿನ ಕಾಲು ಸವರಿದಳು. "ಹುಟ್ಟಿನಿಂದ ಬಂದದ್ದಂತ ಹೇಳೀನಲ್ರಿ ಅತ್ತಿ."

"ಪ್ರೇಮಗೂ ಹಿಂಗ ಎರದಿದ್ನೆವ್ವಾ. ಅವಗೇನೂ ಆಗಲಿಲ್ಲ."

ಮಾನಮ್ಮ ಕೈಯನ್ನು ಸೀರೆಗೆ ಒರೆಸಿ ಒರೆಸಿ, ಕೂಸನ್ನು ಸೊಸೆಯತ್ತ ಸರಿಸಿದಳು. "ಇನ್ನ ನೀನ ಎರಿ."

ದುರ್ಗಾ ಕಾಲು ನೀಡಿ ಕೂತಳು. ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು ಎಂದು ಅವಳ ಕೈಗೆ ತಿಳಿಯಲಿಲ್ಲ, ಕೂಸು ಜಾರುತ್ತಿತ್ತು. ಮಾನಮ್ಮ ಹಿಂದೆ ನಿಂತು, ಚೊಂಬನ್ನು ಎತ್ತರಕ್ಕೆ ಹಿಡಿದು, ಬೆರಳು ಎಲ್ಲಿಯೂ ತಾಗದ ಹಾಗೆ ನೀರು ಬಿಡುತ್ತಿದ್ದಳು.