ದೊಡ್ಡಮ್ಮನ ಚಕ್ರಗಳು

ದೊಡ್ಡಮ್ಮ ಎಂದರೆ ಕಾರು. ಕೆನೆ ಬಣ್ಣ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ಸ್ಟಾರ್ಟ್ ಮಾಡಿದರೆ ಮೊದಲು ಚೆನ್ನಾಗಿ ಕೆಮ್ಮಿ ಆಮೇಲೆ ಮಾತಿಗೆ ಬರುವ ಸ್ವಭಾವ. ಗುಜರಿಯವನ ಹಿತ್ತಲಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಆ ಹಳೇ ಗಾಡಿಯನ್ನು ಗಂಡ ಹೆಂಡತಿ ಸೇರಿ ರಸ್ತೆಗೆ ತಂದಿದ್ದರು. ಆಮೇಲೆ ಕೊಂಡ ಪುಟ್ಟ ಹಳೇ ಕಾರಿಗೆ ಚಿಕ್ಕಮ್ಮ ಎಂದು ತಾನಾಗಿಯೇ ಹೆಸರು ಬಿತ್ತು. ಗಂಡ ಬಸ್ ಡಿಪೋದಲ್ಲಿ ಫೋರ್‌ಮನ್ ಆಗಿದ್ದವರು. ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಧ ಊರಿಗೆ ಕ್ಲಚ್ಚು, ಗೇರು ಕಲಿಸಿದ ಟೀಚರ್. ಓರಗೆಯವರೆಲ್ಲ ಮಂಡಿನೋವಿನ ಸುದ್ದಿ ಮಾತಾಡುವಾಗ ಇವರಿಬ್ಬರೂ ಕಾರ್ಬುರೇಟರಿನ ಸುದ್ದಿ ಮಾತಾಡುತ್ತಿದ್ದರು. ಬೇರೆ ಮನೆ ಮಾಡಿಕೊಂಡಿದ್ದ ಮಗಳಿಗೆ ಮಾತ್ರ ಅವೆರಡೂ ಬರೀ ಡಬ್ಬ. ರಿಪೇರಿ ಫೋರ್‌ಮನ್ನರದು, ಓಡಿಸುವುದು ಟೀಚರದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ.

ಆ ಕಟ್ಟುಪಾಡು ಮುರಿದದ್ದು ಫೋರ್‌ಮನ್ನರಿಗೆ ಸಣ್ಣಗೆ ಪಾರ್ಶ್ವವಾಯು ಹೊಡೆದ ಮೇಲೆ. ಮಾತು ಸರಿಹೋಯಿತು, ನಡಿಗೆ ಸರಿಹೋಯಿತು, ಬಲಗೈಗೆ ಮಾತ್ರ ಹಿಂದಿನ ಕಸುವು ಬರಲಿಲ್ಲ. ಒಂದು ದಿನ ತಿರುವಿನಲ್ಲಿ ದೊಡ್ಡಮ್ಮನ ಸ್ಟೀರಿಂಗ್ ಗಡಗಡ ನಡುಗಿತು. ಟೀಚರ್ ಮೆಲ್ಲಗೆ ಮನೆ ತಲುಪಿ, ಗಂಡ ಸ್ನಾನಕ್ಕೆ ಹೋದಾಗ ನೋಡಿದರೆ, ಚಕ್ರದ ನಟ್ಟುಗಳು ಬೆರಳಲ್ಲೇ ತಿರುಗುತ್ತಿದ್ದವು. ಹೇಳಿಬಿಡಬೇಕಿತ್ತು. ಆದರೆ ಡಿಪೋದ ಬಸ್ಸುಗಳನ್ನೆಲ್ಲ ಕೈಯಲ್ಲಿ ಆಡಿಸಿದ ಮನುಷ್ಯನಿಗೆ ಒಂದು ನಟ್ಟು ಬಿಗಿಯಲು ಆಗುತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಸ್ಪ್ಯಾನರಿನ ಮೇಲೆ ಕಾಲಿಟ್ಟು, ಮೈಭಾರವನ್ನೆಲ್ಲ ಬಿಟ್ಟು, ಒಂದೊಂದನ್ನೂ ತಾವೇ ಬಿಗಿದರು.

ಅಂದಿನಿಂದ ಅದೇ ರೂಢಿಯಾಯಿತು. ಗಂಡ ಚಕ್ರ ಬಿಚ್ಚಿ ಹಾಕಿದ ದಿನ ಹೆಂಡತಿ ಏನಾದರೊಂದು ನೆಪ ಹೇಳಿ ಶೆಡ್ಡಿಗೆ ಹೋಗಿ ಬರುವುದು. ಈ ಕಳ್ಳಾಟ ಚೆನ್ನಾಗಿಯೇ ನಡೆದಿದೆ ಎಂದು ಟೀಚರ್ ನಂಬಿದ್ದರು. ಮೊದಲೆಲ್ಲ ಪೆಟ್ಟಿಗೆಯ ತಳದಲ್ಲಿರುತ್ತಿದ್ದ ಸ್ಪ್ಯಾನರು ಈಗ ಬಾಗಿಲ ಪಕ್ಕದಲ್ಲೇ, ಒರೆಸಿ ಒರಗಿಸಿಟ್ಟಂತೆ ಸಿಗುತ್ತಿತ್ತು. ಅದೇಕೆ ಎಂದು ಅವರು ಯೋಚಿಸಲಿಲ್ಲ. ಊರಿನವರ ತಪ್ಪನ್ನೆಲ್ಲ ಹಿಡಿದು ಬೈದ ಹೆಂಗಸು, ಇದೊಂದನ್ನು ಯೋಚಿಸಬೇಕಿತ್ತು.

ಅಷ್ಟರಲ್ಲಿ ಟೀಚರ್ ಕಣ್ಣಿನ ಪೊರೆ ತೆಗೆಸಿಕೊಂಡರು. ಬಗ್ಗಬೇಡಿ, ಭಾರ ಎತ್ತಬೇಡಿ, ನಾನು ಹೇಳುವ ತನಕ ಗಾಡಿ ಓಡಿಸಲೇಬೇಡಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು. ಫೋರ್‌ಮನ್ನರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ದೊಡ್ಡಮ್ಮನ ಚಕ್ರಗಳನ್ನೆಲ್ಲ ಬಿಚ್ಚಿ, ಗ್ರೀಸ್ ತುಂಬಿ, ತಿರುಗಿ ಹಾಕಿದರು. ಸಂಜೆ ಟೀಚರ್ ಶೆಡ್ಡಿಗೆ ಹೋದವರು ಸ್ಪ್ಯಾನರಿನತ್ತ ಬಗ್ಗಿದರೆ ಕಣ್ಣೊಳಗೆ ಚುಚ್ಚಿದಂತಾಯಿತು. ಕಣ್ಣೇ ಹೋದರೆ ಗತಿಯೇನು ಎಂದು ಹೆದರಿ, ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದುಬಂದರು. ತಾವು ಓಡಿಸದೆ ಗಾಡಿ ಹೊರಗೆ ಹೋಗುವುದಿಲ್ಲವಲ್ಲ, ವಾಸಿಯಾದ ಮೇಲೆ ಮೊದಲು ಇದೇ ಕೆಲಸ ಎಂದುಕೊಂಡರು.

ಮರುದಿನ ಕಣ್ಣು ತೋರಿಸಿಕೊಂಡು ಬಂದರೆ ಶೆಡ್ಡು ಖಾಲಿ. ಫೋರ್‌ಮನ್ನರು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು, ಮುಖವೆಲ್ಲ ನಗು.

"ದೊಡ್ಡಮ್ಮ ಎಲ್ರೀ?"

"ಮಗಳು ತಗೊಂಡು ಹೋದ್ಲು. ಅವಳ ಕಾರು ಕೆಟ್ಟು ಕೂತಿದೆಯಂತೆ. ಬೆಟ್ಟದ ಮೇಲಿನ ಸ್ಕೂಲಲ್ಲಿ ಪರೀಕ್ಷೆ ಡ್ಯೂಟಿ. ಇಷ್ಟು ದಿನ ಡಬ್ಬ ಡಬ್ಬ ಅಂತಿದ್ದವಳು, ಇವತ್ತು ಬಾಯಿಬಿಟ್ಟು ಕೀ ಕೇಳಿದ್ಲು ಕಣೇ!"

"ನಟ್ಟು ಬಿಗಿ ಮಾಡಿದ್ರಾ?"

"ಅದು ನೀನು ಮಾಡ್ತೀಯಲ್ಲ."

ಟೀಚರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ನಂಗೆ ಗೊತ್ತಿಲ್ಲ ಅನ್ಕೊಂಡ್ಯಾ? ಮೊದಲನೇ ದಿನಾನೇ ಗೊತ್ತಾಯ್ತು. ನಿಂಗೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ. ಈಗ ನಾನು ಬರೀ ಕೈಯಲ್ಲಿ ಕೂರಿಸಿ ಬಿಟ್ಬಿಡ್ತೀನಿ, ಮಿಕ್ಕಿದ್ದು ನಿಂದು. ನಿನ್ನೆ ಸಂಜೆನೂ ಹೋಗಿದ್ದೆಯಲ್ಲ?"

"ಬಗ್ಗೋಕಾಗ್ಲಿಲ್ಲ ಕಣ್ರೀ. ಸುಮ್ನೆ ಕೂತು ಬಂದೆ."

ಫೋರ್‌ಮನ್ನರ ಮುಖದ ನಗು ಹಾಗೇ ಉಳಿದುಕೊಂಡಿತ್ತು, ತೆಗೆಯಲು ಮರೆತವರಂತೆ. ಒಬ್ಬರ ಮನಸ್ಸು ನೋಯದಂತೆ ಇನ್ನೊಬ್ಬರು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರು! ಚಕ್ರವನ್ನು ಮಾತ್ರ ಇಬ್ಬರೂ ನೋಡಿರಲಿಲ್ಲ.

ಟೀಚರ್ ಮಗಳಿಗೆ ಫೋನು ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದರು. ಎತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸ್ಟೀರಿಂಗ್ ಹಿಡಿದವರು ಪ್ರಾಣ ಹೋದರೂ ಫೋನು ಮುಟ್ಟಬಾರದು ಎಂದು ಆ ಹುಡುಗಿಗೆ ಕಿವಿ ಹಿಂಡಿ ಕಲಿಸಿದವರು ಅವರೇ. "ಎತ್ತೇ, ಒಂದ್ಸಲ ಎತ್ತೇ ಮಾರಾಯ್ತಿ," ಎಂದು ಬೇಡಿಕೊಂಡರು.

ಡಾಕ್ಟರ ಮಾತು ಎತ್ತಲೋ ಹೋಯಿತು. ಕಪ್ಪು ಕನ್ನಡಕದಲ್ಲೇ ಚಿಕ್ಕಮ್ಮನನ್ನು ಹೊರಡಿಸಿದರು. ಫೋರ್‌ಮನ್ನರು ಪಕ್ಕದಲ್ಲಿ ಕೂತು ಕಿಟಕಿಯಿಂದ ತಲೆ ಹೊರಹಾಕಿದ್ದರು. ಪೇಟೆ ದಾಟಿತು, ಸೇತುವೆ ದಾಟಿತು. ಎದುರಿನಿಂದ ಬಂದ ಲಾರಿಯವನು ಮಾಮೂಲಿನಂತೆ ಹಾರನ್ ಹೊಡೆದು ಹೋದ. ಏನೂ ಆಗಿಲ್ಲದಿದ್ದರೆ ಸಾಕು, ಈ ಕಾರುಗಳ ಸಹವಾಸವೇ ಬೇಡ ಎಂದು ಟೀಚರ್ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದರು.

"ನಿಲ್ಸು!"

ಬೆಟ್ಟದ ರಸ್ತೆ ಏರಲು ಶುರುವಾಗುವ ಕಡೆ ಫೋರ್‌ಮನ್ನರು ಇಳಿದು, ಹಿಂದೆ ನಡೆದು, ಜಲ್ಲಿಯಿಂದ ಏನನ್ನೋ ಹೆಕ್ಕಿದರು. ಬಲಗೈಯಲ್ಲಿ ಅದು ನಿಲ್ಲಲಿಲ್ಲ, ಎಡಗೈಗೆ ತೆಗೆದುಕೊಂಡರು. ನಟ್ಟು. ಅವರೇ ಸವರಿದ ಗ್ರೀಸು ಅದರ ಮೇಲೆ ಇನ್ನೂ ಹಸಿಯಾಗಿತ್ತು.

ಆಗ ಟೀಚರ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಮಗಳ ಫೋಟೋ. ಸ್ಪೀಕರಿಗೆ ಹಾಕಿದರು.

"ಎಲ್ಲಿದ್ದೀಯೇ? ಗಾಡಿ ನಿಲ್ಸೇ ಮೊದ್ಲು!"

ಆ ಕಡೆ ಗಾಳಿಯ ಸದ್ದು, ಯಾರೋ ಯಾರಿಗೋ ನೀರು ತನ್ನಿ ಎಂದು ಕೂಗುತ್ತಿದ್ದರು. ಆಮೇಲೆ ಗುರುತಿಲ್ಲದ ಗಂಡಸಿನ ದನಿ ಕೇಳಿತು, ಬಹಳ ಮೃದುವಾಗಿ.

"ಅಮ್ಮಾ, ಈ ಫೋನಿನವರು ನಿಮಗೆ ಏನಾಗ್ಬೇಕು?"

ಟೀಚರ್ ಫೋನನ್ನು ಗಂಡನತ್ತ ಚಾಚಿದರು. ಅಷ್ಟರಲ್ಲಿ ಕಾರಿನ ಹತ್ತಿರ ಬಂದಿದ್ದ ಫೋರ್‌ಮನ್ನರು ಕಿಟಕಿಯೊಳಗೆ ಬಗ್ಗಿ, ಫೋನಿನ ಹತ್ತಿರ ಬಾಯಿ ತಂದು, "ಮಗಳು," ಎಂದರು. "ನಮ್ಮ ಮಗಳು."