ಪೆಟ್ರೋಲ್ ಟಾಕಿಯ ಮೇಲಿನ ಹೆಸರು

ನಮ್ಮ ಸಾಂಗಲಿ-ಮಿರಜ ಕಡೆ ಸತ್ತವರ ಹೆಸರು ಹಾಕದೆ ಯಾರೂ ಏನನ್ನೂ ಕೊಡುವುದಿಲ್ಲ. ಬಸದಿಗೆ ಫ್ಯಾನು ಕೊಟ್ಟರೆ ಅದರ ರೆಕ್ಕೆಗಳ ಮೇಲೆ ಅಜ್ಜನ ಹೆಸರು ಬರೆಸಿ, ಕೊನೆಗೆ ‘ಸ್ಮರಣಾರ್ಥ’ ಎಂದು ಹಾಕಿಸುತ್ತಾರೆ. ಕರೆಂಟು ಇದ್ದಾಗ ಅಜ್ಜ ಗಿರಗಿರ ತಿರುಗುತ್ತಾನೆ, ಕರೆಂಟು ಹೋದಾಗ ಓದಲು ಸಿಗುತ್ತಾನೆ. ಶಾಲೆಯ ಕಪಾಟು, ಬಸ್ ಸ್ಟ್ಯಾಂಡಿನಲ್ಲಿ ಕೂಡುವ ಬಾಕು, ಕುಡಿಯುವ ನೀರಿನ ಡ್ರಮ್ಮು, ಎಲ್ಲದಕ್ಕೂ ತೀರಿಕೊಂಡ ಒಬ್ಬೊಬ್ಬ ಯಜಮಾನ ಇದ್ದೇ ಇರುತ್ತಾನೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಲಿಂಗನೂರಿನ ಬಸದಿಯಲ್ಲಿ ನಮ್ಮ ಮಾವನವರ ಹೆಸರಿನ ಗೋಡೆ ಗಡಿಯಾರವೂ ಇದೆ, ಚೆನ್ನಾಗಿ ನಡೆಯುತ್ತದೆ ಕೂಡ.

ಆದರೆ ಮೋಟಾರ್ ಸೈಕಲ್ಲಿಗೂ ನಾವು ಹಾಗೇ ಮಾಡುತ್ತೇವೆಂದು ಆ ಮುಂಬಯಿಯವನಿಗೆ ಹೇಗೆ ಗೊತ್ತಿರಬೇಕು!

ಪಾರಿಸ ನನ್ನ ಮೈದುನ. ನಾನು ಈ ಮನೆಗೆ ಬಂದಾಗ ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದವನು, ಹಾಗಾಗಿ ಅವನನ್ನು ಬೈಯುವ ಹಕ್ಕು ನನಗೆ ಪೂರ್ತಿ ಇದೆ. ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ನನ್ನ ಗಂಡ ಧನ್ಯಕುಮಾರರದು ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಅಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದ ಮಂಗೇಶನೂ ನಮ್ಮ ಪಾರಿಸನೂ ಒಂದೇ ತಟ್ಟೆಯಲ್ಲಿ ಉಣ್ಣುವ ಗೆಳೆಯರು. ಮಂಗೇಶನ ತಾಯಿ ಸಾತವ್ವ ಅಥಣಿ ಕಡೆಯಿಂದ ಕೂಲಿಗೆ ಬಂದವಳು. ಗಂಡ ಇಲ್ಲ, ಒಬ್ಬನೇ ಮಗ, ಅರಿಶಿನದ ಗೋದಾಮಿನಲ್ಲಿ ಬೇರು ಆರಿಸುವ ಕೆಲಸ. ಆ ಇಬ್ಬರು ಹುಡುಗರು ಗುಜರಿಯಿಂದ ಒಂದು ಹಳೆಯ ಬುಲೆಟ್ ತಂದು, ಭಾನುವಾರಗಳಲ್ಲಿ ಬಿಚ್ಚಿ ಜೋಡಿಸಿ, ಅದರ ಮೇಲೆ ಲಡಾಖಿಗೆ ಹೋಗುತ್ತೇವೆಂದು ಊರಿಗೆಲ್ಲ ಸಾರಿದ್ದರು.

ಅಷ್ಟರಲ್ಲಿ ಮಂಗೇಶನಿಗೆ ಕಾಮಾಲೆ ಆಯಿತು. ಕರ್ನಾಟಕದಿಂದ ಜನ ಜೀವ ಉಳಿಸಿಕೊಳ್ಳಲು ರೈಲು ಹತ್ತಿ ಮಿರಜದ ದವಾಖಾನೆಗಳಿಗೆ ಬರುತ್ತಾರೆ. ಮಿರಜದಲ್ಲೇ ಇದ್ದ ಅವನು ಉಳಿಯಲಿಲ್ಲ.

ಆಮೇಲೆ ಪಾರಿಸನಿಗೆ ಲಡಾಖಿನ ಹುಚ್ಚು ಇನ್ನೂ ಏರಿತು. ಮನೆಮನೆಯ ಮಾಳಿಗೆಯ ಮೇಲೆ ಕೇಬಲ್ ತಂತಿ ಎಳೆಯುತ್ತಿದ್ದ ಕಾಲ ಅದು, ಹಬ್ಬಕ್ಕೊಂದು ಹೊಸ ಚಾನಲ್ಲು ಹುಟ್ಟುತ್ತಿತ್ತು. ಮುಂಬಯಿಯ ನೀಲೇಶ ಎಂಬ ನಿರ್ಮಾಪಕ ಅಂಥದೊಂದು ಚಾನಲ್ಲಿಗೆ ಮೋಟಾರ್ ಸೈಕಲ್ ಪ್ರವಾಸದ ಕಾರ್ಯಕ್ರಮ ಮಾಡುವವನಿದ್ದ. ಪಾರಿಸ ಅವನಿಗೆ ಗಂಟುಬಿದ್ದ. ಅವನು ಹೂಂ ಅಂದ.

“ಟಿವ್ಹಿಯವ್ರು ನಿನಗೇನ ಕೊಡ್ತಾರೋ?” ಎಂದು ನಾನು ಕೇಳಿದೆ.

“ಅವ್ರು ಕೊಡಂಗಿಲ್ರಿ ವೈನಿ. ನಾವೇ ಕೊಡಬೇಕು.”

“ಅಯ್ಯ ನನ್ನಪ್ಪಾ! ಬಿಸಿಲಾಗ ಸಾಯಂವಾ ನೀನು, ರೊಕ್ಕಾನೂ ನಿಂದೇನು?”

ಆಗ ಅವನು ತಿಳಿಸಿ ಹೇಳಿದ. ಕಾರ್ಯಕ್ರಮ ಬರುವ ಅರ್ಧ ಗಂಟೆಯನ್ನೇ ನೀಲೇಶ ಚಾನಲ್ಲಿನವರಿಂದ ಕೊಂಡುಕೊಳ್ಳಬೇಕಂತೆ, ನಡುವಿನ ಜಾಹೀರಾತು ಮಾರಿ ಅದನ್ನು ತುಂಬಿಸಿಕೊಳ್ಳಬೇಕಂತೆ. ಗಾಡಿ, ಪೆಟ್ರೋಲು, ಊಟ, ಕ್ಯಾಮೆರಾದವರ ಜೀಪು ಇವೆಲ್ಲ ಗಾಡಿ ಓಡಿಸುವವನ ತಲೆಗೆ. ಅದಕ್ಕೆ ಅವನೇ ರೊಕ್ಕ ಕೊಡುವವರನ್ನು ಹುಡುಕಿ ಅವರ ಹೆಸರನ್ನು ಗಾಡಿಯ ಮೇಲೆ ಹಾಕಬೇಕಂತೆ.

“ಅದಕ್ಕ ಸ್ಪಾನ್ಸರ್ ಅಂತಾರ,” ಎಂದ.

“ಅಂದ್ರ ದೇಣಿಗಿ,” ಎಂದರು ನನ್ನ ಗಂಡ.

“ಹೂಂ, ದೇಣಿಗಿನೇ ಅನ್ರಿ.”

ದೇಣಿಗೆ ಎಂದಮೇಲೆ ಮುಗಿಯಿತಲ್ಲ! ಅಣ್ಣತಮ್ಮ ಇಬ್ಬರೂ ಅಂಗಡಿ ಅಂಗಡಿ ತಿರುಗಿದರು. ಅರಿಶಿನದ ವ್ಯಾಪಾರಿ ಗುರುಪಾದ ಕಾಕಾ ಮೊದಲು ಕೊಟ್ಟರು. “ನಮ್ಮಪ್ಪ ಕಲ್ಲಯ್ಯನ ಹೆಸರ ಹಾಕ್ರಿ,” ಎಂದರು. “ನಂದ ಬ್ಯಾಡ, ನಾ ಇನ್ನೂ ಬದಕೇನಿ.” ಅವರನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಮುಂದಿನ ಮಡ್‌ಗಾರ್ಡಿಗೆ ಒಬ್ಬರ ತಂದೆ, ಹಿಂದಿನದಕ್ಕೆ ಇನ್ನೊಬ್ಬರ ಅಜ್ಜಿ, ಸಾಮಾನಿನ ಎರಡು ಪೆಟ್ಟಿಗೆಗಳಿಗೆ ಎರಡು ಮನೆತನದ ಹಿರಿಯರು. ಪೇಂಟರ್ ಎಲ್ಲರ ಹೆಸರಿನ ಮುಂದೂ ನೀಟಾಗಿ ‘ಸ್ಮರಣಾರ್ಥ’ ಬರೆದ. ಪೆಟ್ರೋಲ್ ಟಾಕಿಗೆ ಯಾರನ್ನು ಹಾಕಬೇಕೆಂಬುದೊಂದೇ ಉಳಿದಿತ್ತು.

ಆಗ ಸಾತವ್ವ ನಮ್ಮ ಮನೆಗೆ ಬಂದಳು. ಮಂಗೇಶನ ಕೊನೆಯ ಪಗಾರವನ್ನು ನನ್ನ ಗಂಡ ಒಂದು ಪಾಕೀಟಿನಲ್ಲಿ ಹಾಕಿ ಅವಳಿಗೆ ಕೊಟ್ಟಿದ್ದರು. ಅದನ್ನು ಒಡೆಯದೆ ಹಾಗೆಯೇ ತಂದು ನನ್ನ ಮುಂದೆ ಇಟ್ಟಳು.

“ಬಾಯಾರ, ದೊಡ್ಡವರಂಗ ಫ್ಯಾನು, ಬಾಕು ಕೊಡೂದು ನನ್ನ ಕೈಲೆ ಆಗಂಗಿಲ್ರಿ,” ಎಂದಳು. “ನನ್ನ ಮಗಂದೂ ಒಂದ ಹೆಸರ ಎಲ್ಲ್ಯಾರ ಇರಲಿ.”

ನನಗೆ ಅಳು ತಡೆಯಲಾಗಲಿಲ್ಲ. ಪಾರಿಸ ಎದ್ದು ಬಂದು, “ಎಲ್ಲ್ಯಾರ ಯಾಕವ್ವಾ? ಟಾಕಿ ಮ್ಯಾಲೇ ಬರಸ್ತೇನಿ, ಎರಡೂ ಕಡೆ,” ಎಂದ. ಬರೆಸಿಯೂ ಬರೆಸಿದ, ಹಳದಿ ಅಕ್ಷರದಲ್ಲಿ. ಸಾತವ್ವ ಕಾರ್ಖಾನೆಗೆ ಹೋಗಿ ಎರಡೂ ಬದಿ ನೋಡಿ ಬಂದಳು. ಆ ಹೆಣ್ಣುಮಗಳು ನಕ್ಕದ್ದನ್ನು ನಾನು ಆಗಲೇ ಮೊದಲು ನೋಡಿದ್ದು.

ಹೊರಡುವ ಮುಂಚೆ ಗಾಡಿ ನೋಡಲು ನೀಲೇಶ ಮುಂಬಯಿಯಿಂದ ಬಂದ. ಸುತ್ತು ಹಾಕಿ ಒಂದೊಂದೇ ಹೆಸರು ಓದಿದ. “ಇವೆಲ್ಲ ಯಾವ ಕಂಪನಿಗಳು?” ಎಂದು ಮರಾಠಿಯಲ್ಲಿ ಕೇಳಿದ. “ಕಂಪನಿ ಅಲ್ಲ, ಇವರೆಲ್ಲ ತೀರಿಕೊಂಡವರು,” ಎಂದು ನನ್ನ ಗಂಡ ಗಂಭೀರವಾಗಿ ಹೇಳಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತಮೇಲೆ, ಒಂದು ಎಂಜಿನ್ ಎಣ್ಣೆಯ ಕಂಪನಿ ಇಡೀ ಖರ್ಚು ಹೊರಲು ಒಪ್ಪಿದೆ ಎಂದ. ಟಾಕಿಯ ಎರಡೂ ಬದಿಗೆ ಅವರ ಹೆಸರು ಇರಬೇಕು, ಗಾಡಿಯ ಮೇಲೆ ಬೇರೆ ಒಂದಕ್ಷರವೂ ಇರಬಾರದು. ಸತ್ತವರ ಗಾಡಿಗೆ ಹಾಕಿದ ಎಣ್ಣೆಯನ್ನು ಯಾರು ಕೊಳ್ಳುತ್ತಾರೆ ಎಂದೂ ಕೇಳಿದ. ನಮ್ಮ ದೇಣಿಗೆಯಲ್ಲಿ ಗಾಡಿ ದಿಲ್ಲಿ ಮುಟ್ಟಿದರೆ ಹೆಚ್ಚು. ಆ ಲೆಕ್ಕ ಪಾರಿಸನಿಗೂ ಗೊತ್ತಿತ್ತು.

ಅವನ ಮುಖ ಸಣ್ಣದಾಯಿತು, ಕೊನೆಗೆ ಒಪ್ಪಿಕೊಂಡ. ಆದರೂ ಒಂದು ಮಾತು ಹೇಳಬೇಕು, ಕೊಟ್ಟವರನ್ನು ಕೇಳದೆ ಹೆಸರು ಅಳಿಸಬಾರದೆಂದು ಅವನೇ ಮನೆಮನೆಗೆ ಹೋದ. ಕೊಟ್ಟದ್ದನ್ನು ತಿರುಗಿ ತೆಗೆದುಕೊಳ್ಳಿ ಎಂದ, ಕಾರ್ಯಕ್ರಮದ ಕೊನೆಗೆ ಎಲ್ಲರ ಹೆಸರೂ ತೋರಿಸುತ್ತಾರೆ ಎಂದ. ಯಾರೂ ಜಗಳ ಮಾಡಲಿಲ್ಲ. ಗುರುಪಾದ ಕಾಕಾ ಅಂತೂ, “ಅಳಸೋ ಮಾರಾಯಾ, ನಮ್ಮಪ್ಪ ಸೈಕಲ್ ಸುದ್ದಾ ಹತ್ತಿದಂವ ಅಲ್ಲ,” ಎಂದು ಚಹಾ ಕುಡಿಸಿ ಕಳಿಸಿದರು.

“ಸಾತವ್ವಗ ಹೇಳಿದ್ಯೋ ಇಲ್ಲೋ?” ಎಂದು ನಾನು ಕೇಳಿದೆ.

“ಹೇಳ್ತೇನ್ರಿ ವೈನಿ.”

ಹೊರಡುವ ದಿನ ಮತ್ತೆ ಕೇಳಿದೆ. ಅವನು ಬೂಟಿನ ದಾರ ಕಟ್ಟುತ್ತಲೇ ಇದ್ದ. “ಆಕಿ ಓಣಿ ತನಕಾ ಹೋಗಿದ್ದೆ, ಧೈರ್ಯ ಆಗಲಿಲ್ಲ. ಬಂದ ಮ್ಯಾಲೆ ಹೇಳ್ತೇನಿ. ಹೆಂಗೂ ಆಕಿ ಮನ್ಯಾಗ ಟಿವ್ಹಿ ಇಲ್ಲಲ್ರಿ,” ಎಂದ. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಹೊರಟು ನಿಂತವನನ್ನು ಬೈದು ಕಳಿಸಬಾರದು ನೋಡಿ. ಪ್ರಯಾಣದ ಶುಭಕ್ಕೆಂದು ಅವನ ಅಂಗೈಗೆ ಮೊಸರು ಹಾಕಿ ಬಾಯಿ ಮುಚ್ಚಿಕೊಂಡೆ.

ಪಾರಿಸ ಹೋದ, ಕರಿಯ ಕಾಗೆಯಾಗಿ ತಿರುಗಿ ಬಂದ. ಬಂದಮೇಲೂ ಹೇಳಲಿಲ್ಲ. ಇವತ್ತು ನಾಳೆ ಎನ್ನುವುದರಲ್ಲಿ ಕಾರ್ಯಕ್ರಮದ ಭಾನುವಾರವೇ ಬಂತು. ಬೆಳಿಗ್ಗೆ ನಮ್ಮ ಪಡಸಾಲೆ ತುಂಬಿಹೋಯಿತು. ಗುರುಪಾದ ಕಾಕಾ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಸಾತವ್ವ! ಹೊಸ ಸೀರೆ ಉಟ್ಟು, ಓಣಿಯ ಗೆಳತಿಯೊಬ್ಬಳನ್ನು ಕರೆದುಕೊಂಡು ಬಂದಿದ್ದಳು. “ಬರ್ರಿ ಸಾತವ್ವಾ, ಕುಂದ್ರಿ,” ಎಂದೆ.

ಪಾರಿಸ ಟೀವಿಯಲ್ಲಿ ಬಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಟಾಕಿಯ ಮೇಲೆ ಎಣ್ಣೆ ಕಂಪನಿಯ ಹೆಸರು ಕೆಂಪಗೆ ಹೊಳೆಯುತ್ತಿತ್ತು.

“ಎಲ್ಲೈತಿ ಮಂಗೇಶನ ಹೆಸರ?” ಎಂದು ಸಾತವ್ವನ ಗೆಳತಿ ಕೇಳಿದಳು.

“ಆ ಬಾಜೂಕ ಐತಿ,” ಎಂದುಬಿಟ್ಟ ಪಾರಿಸ.

ಸಾತವ್ವ ಒಂದು ಬದಿಯಾದರೂ ಉಳಿದಿದೆಯೆಂದು ನಂಬಿ ತಲೆಯಾಡಿಸಿ ಟೀವಿಯ ಹತ್ತಿರ ಸರಿದು ಕುಳಿತಳು. ಎಂಥೆಂಥ ನದಿ, ಎಂಥೆಂಥ ಬೆಟ್ಟ ಬಂದವು, ಆಕೆ ಒಂದನ್ನೂ ನೋಡಲಿಲ್ಲ. ಗಾಡಿ ಯಾವಾಗ ಹೊರಳುತ್ತದೋ ಎಂದು ಕಣ್ಣು ಮಿಟುಕಿಸದೆ ಕಾದಳು. ಈ ದರಿದ್ರ ಟೀವಿ ಕೆಟ್ಟಾದರೂ ಹೋಗಬಾರದೇ ಎಂದು ನಾನು ಬೇಡಿಕೊಂಡೆ. ಘಾಟಿನ ತಿರುವಿನಲ್ಲಿ ಗಾಡಿ ಹೊರಳಿತು. ಆ ಬದಿಗೂ ಅದೇ ಕೆಂಪು ಅಕ್ಷರ.

ಗುರುಪಾದ ಕಾಕಾ ಸಮಾಧಾನ ಮಾಡಲು ಹೋದರು. “ಎಲ್ಲಾರ ಹೆಸರೂ ಅಳಿಸ್ಯಾರವ್ವಾ. ಕಂಪನಿಯವರ ಕರಾರು. ಪಾರಿಸ ಮನಿಗೆ ಬಂದು ಕೇಳಿದ, ನಾನೂ ಹೂಂ ಅಂದೆ.”

“ನಿಮ್ಮ ಮನಿಗೆ ಬಂದಿದ್ನೇನ್ರಿ?”

“ಕೊಟ್ಟವರ ಎಲ್ಲಾರ ಮನಿಗೂ ಹೋಗಿದ್ದ.”

ಸಾತವ್ವ ಪಾರಿಸನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಮಗೆ ಎಷ್ಟೋ ಹಗುರಾಗುತ್ತಿತ್ತು.

“ಕೇಳಿದ್ರ ನಾ ಬ್ಯಾಡ ಅಂತಿದ್ನೇನೋ ತಮ್ಮಾ? ನಾನೇ ಬಂದು ಸೆರಗಲೆ ಒರಸಿ ಕೊಡತಿದ್ನಿ. ನೀ ಅಲ್ಲಿ ಮುಟ್ಟಿದ್ರ ನನ್ನ ಮಗಾನೂ ಮುಟ್ಟಿದಂಗ ಅಂತ ತಿಳಕೊಂತಿದ್ನಿ,” ಎಂದಳು. ಆಮೇಲೆ ಗೆಳತಿಯ ಭುಜ ಹಿಡಿದು ಎದ್ದು ನಿಂತಳು. “ಅವರೆಲ್ಲಾರ ಮನಿಗೂ ಹೋದಿ. ನಮ್ಮ ಮನಿಗೆ ಅಷ್ಟೇ ಯಾಕ ಬರಲಿಲ್ಲ?”