ಹಸಿರು ತುಂಬಿದ ಜಾಡಿ

ಬಾಗಿಲಿಗೆ ಕಿವಿ ಹಚ್ಚಿ ನಿಂತ ವಿಜ್ಞಾನದ ಟೀಚರಿಗೆ ಒಳಗಿನಿಂದ ಉಸಿರೆಳೆಯುವ ಸದ್ದು ಕೇಳುತ್ತಿತ್ತು. ಸಣ್ಣಗೆ, ತೂತುಬಿದ್ದ ಸಿಳ್ಳೆ ಊದಿದಂತೆ. ಹುಡುಗಿಗೆ ದಮ್ಮು ಶುರುವಾಗಿತ್ತು. ಅವಳು ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು ಅವಳ ಚೀಲದಲ್ಲಿ ಸಿಕ್ಕಿ, ಈಗ ಹೊರಗೆ ಟೀಚರ ಮುಷ್ಟಿಯೊಳಗಿತ್ತು.

ಅದು ಆಟದ ಸಾಮಾನಿನ ಕೋಣೆ. ಕಿಟಕಿಯಿಲ್ಲ; ಮೇಲೆ ಅಂಗೈಯಗಲದ ಗವಾಕ್ಷಿ ಒಂದೇ. ಗುಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದ ಆ ಏಳನೆಯ ಕ್ಲಾಸಿನ ಹುಡುಗಿ ಮೊದಲ ಗಂಟೆ ಹೊಡೆದದ್ದೇ ಒಳಹೊಕ್ಕು ಚಿಲಕ ಹಾಕಿಕೊಂಡಿದ್ದಳು. ಚಿಲಕವಷ್ಟೇ ಆಗಿದ್ದರೆ ಮುರಿಯಬಹುದಿತ್ತು. ಗುಂಡು ಎಸೆತದ ಕಬ್ಬಿಣದ ಗುಂಡುಗಳನ್ನಿಡುವ ಸ್ಟ್ಯಾಂಡನ್ನು ಎಳೆದು ಬಾಗಿಲಿಗೆ ಒರಗಿಸಿದ್ದಳು. ಜವಾನ ಒಮ್ಮೆ ಭುಜ ಕೊಟ್ಟು ತಳ್ಳಿದಾಗ ಒಳಗೆ ಒಂದು ಗುಂಡು ದೊಪ್ಪನೆ ಬಿದ್ದಿತ್ತು, ಅದರ ಹಿಂದೆಯೇ ಒಂದು ಚೀತ್ಕಾರ. ಆಮೇಲೆ ಬಾಗಿಲು ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ.

ಆಂಬುಲೆನ್ಸಿಗೆ ಫೋನ್ ಮಾಡಿ ಬಂದ ಹೆಡ್ಮಾಸ್ಟರು ಬೆವರು ಒರೆಸಿಕೊಂಡರು. “ನಿಮ್ಮ ಕ್ಲಾಸಿನವಳೇ ಆಗ್ಬೇಕಿತ್ತಾ ಮೇಡಂ? ಒಂದೇ ಒಂದು ಕೆಂಪಿಲ್ಲದ ಕ್ಲಾಸು ನೋಡಿ ಅಂತ ಇವತ್ತೇ ಅಷ್ಟು ದೂರದಿಂದ ಜನಾನ ಕರೆಸಿದೀನಿ.” ಬೈಗುಳದಂತೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಅಳುವಂತಾಗಿತ್ತು.

ಕೆಂಪಿಲ್ಲದ ಕ್ಲಾಸು. ಮಕ್ಕಳ ಮನಸ್ಸು ಗಟ್ಟಿ ಮಾಡುವ ಕಾರ್ಯಕ್ರಮವೊಂದು ಶಾಲೆಗೆ ಬಂದು ಎರಡನೆಯ ವರ್ಷ. ಬೆಳಿಗ್ಗೆ ಒಳಗೆ ಬರುವಾಗ ಪ್ರತಿ ಮಗುವೂ ಬಣ್ಣಕ್ಕೊಂದರಂತೆ ಇಟ್ಟ ತಟ್ಟೆಗಳಿಂದ ಒಂದು ಅಂಗಿಗುಂಡಿ ಎತ್ತಿ ಗಾಜಿನ ಜಾಡಿಗೆ ಹಾಕಬೇಕು. ಚೆನ್ನಾಗಿದ್ದರೆ ಹಸಿರು, ಹಾಗೂ ಹೀಗೂ ಇದ್ದರೆ ಹಳದಿ, ತಡೆಯಲಾರೆ ಅನ್ನಿಸಿದರೆ ಕೆಂಪು. ಕಾರ್ಯಕ್ರಮದವರು ಕಲಿಸಿದ್ದು ಇಷ್ಟೇ. ಮಕ್ಕಳಿಗೆ ಹುರುಪು ಬರಲಿ ಎಂದು ಟೀಚರು ತಾವಾಗಿ ಒಂದು ಮಾತು ಸೇರಿಸಿದ್ದರು: ವಾರವಿಡೀ ಕೆಂಪು ಬೀಳದಿದ್ದರೆ ಶನಿವಾರ ಹೆಚ್ಚಿನ ಆಟದ ಪೀರಿಯಡ್. ಜಾಡಿ ಹಸಿರಾಯಿತು. ಹಸಿರಾಗಿಯೇ ಉಳಿಯಿತು. ಉಳಿದ ಟೀಚರುಗಳು ಗುಟ್ಟೇನೆಂದು ಕೇಳಿದಾಗ ಅವರು ಒಳಗೊಳಗೇ ಬೀಗಿದ್ದರು. ಜಾಡಿಗೆ ಬೀಳದಿದ್ದರೂ ತಟ್ಟೆಯಲ್ಲಿ ಕೆಂಪು ಗುಂಡಿ ಕಮ್ಮಿಯಾಗುತ್ತಿದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ಕಸಬರಿಕೆಗೆ ಸಿಕ್ಕಿ ಹೋಗಿರಬೇಕೆಂದುಕೊಂಡು ಮತ್ತೆ ತುಂಬಿಸಿದ್ದರು.

ಕ್ಲಾಸಿನ ಲೀಡರ್ ಹುಡುಗಿ ಕಂಬದ ಮರೆಯಲ್ಲಿ ಜಡೆ ತಿರುಚುತ್ತ ನಿಂತಿದ್ದಳು. ಯಾವಾಗಲೂ ಎಲ್ಲರಿಗಿಂತ ಮುಂದೆ ಬಾಯಿ ಹಾಕುವವಳು. ಟೀಚರು ಅವಳನ್ನೇ ದಿಟ್ಟಿಸಿದರು.

“ಏನಾಯ್ತೇ?”

“ಏನಿಲ್ಲ ಮಿಸ್.”

“ಅವಳಿಗೆ ಉಸಿರು ಸಿಗ್ತಿಲ್ಲ ಕಣೇ.”

ಹುಡುಗಿಯ ಮುಖ ಕಿವುಚಿಕೊಂಡಿತು. “ಅವಳು ದಿನಾ ಕೆಂಪೇ ತಗೊಳ್ತಿದ್ಲು ಮಿಸ್. ನಾವೇ ಕೈ ಹಿಡ್ಕೊಂಡು ಹಸಿರು ಹಾಕಿಸ್ತಿದ್ವಿ. ಇಲ್ದಿದ್ರೆ ಎಲ್ಲರ ಆಟಾನೂ ಹೋಗುತ್ತಲ್ಲ. ಇವತ್ತು ಅವರೆಲ್ಲ ನೋಡೋಕೆ ಬರ್ತಾರೆ ಅಂತ ಕೆಂಪು ತಟ್ಟೇನೇ ಬಚ್ಚಿಟ್ವಿ. ಅವಳು ಮೇಜಿನ ಕೆಳಗೆಲ್ಲ ಹುಡುಕಿದ್ಲು. ನಾವು ನಕ್ವಿ.”

ಮಂಜುಗಡ್ಡೆಯಲ್ಲಿಟ್ಟರೂ ಕುದಿಯುವ ನೀರಿನಲ್ಲಿಟ್ಟರೂ ಒಂದೇ ಅಂಕಿ ತೋರಿಸುವ ಥರ್ಮಾಮೀಟರು ಕೆಟ್ಟಿದೆ, ಎಸೆಯಿರಿ ಎಂದು ಇದೇ ಮಕ್ಕಳಿಗೆ ಅವರೇ ಪಾಠ ಮಾಡಿದ್ದರು.

ಗುಬ್ಬಿಯ ಮನೆಗೆ ಫೋನ್ ಮಾಡಿದಾಗ ಎತ್ತಿದ್ದು ಚಿಕ್ಕಮ್ಮ. ಮೊದಲು ಎಲ್ಲ ಸರಿಯಾಗಿದೆ ಎಂದೇ ಹೇಳಿದರು. ದಮ್ಮಿನ ಮಾತು ಕೇಳಿದ ಮೇಲೆ ದನಿ ಇಳಿಯಿತು. ಅವಳಮ್ಮ ಮನೆ ಬಿಟ್ಟು ಹೋಗಿ ಬಹಳ ದಿನವಾಯಿತಂತೆ. ಸ್ಕೂಲಲ್ಲಿ ಬಾಯಿ ಬಿಡಬೇಡ ಎಂದು ಮನೆಯವರೇ ಹೇಳಿಟ್ಟಿದ್ದರಂತೆ.

ಒಳಗಿನ ಸಿಳ್ಳೆ ಈಗ ತುಂಡುತುಂಡಾಗಿ ಬರುತ್ತಿತ್ತು. ಟೀಚರು ನೆಲಕ್ಕೆ ಕೂತು ಬಾಗಿಲ ಕೆಳಗಿನ ಸಂದಿಗೆ ಪಂಪು ತೂರಿಸಲು ನೋಡಿದರು. ಬೆರಳೂ ಹೋಗದ ಸಂದಿ. ಕೈ ತರಚಿ ರಕ್ತ ಬಂತು.

“ಗುಬ್ಬಿ, ಬಾಗಿಲು ತೆಗಿಯೇ. ಯಾರೂ ಬೈಯಲ್ಲ.”

ಈ ಮಾತನ್ನು ಬೆಳಗಿನಿಂದ ಎಲ್ಲರೂ ಹೇಳಿದ್ದರು.

ಅವರು ಲೀಡರ್ ಹುಡುಗಿಯ ಕಡೆ ತಿರುಗಿ, ಬಚ್ಚಿಟ್ಟಿದ್ದನ್ನು ತಾ ಎಂದರು. ಹುಡುಗಿ ಓಡಿದಳು, ಓಡುತ್ತಲೇ ಬಂದಳು. ಟೀಚರು ತಟ್ಟೆಯಿಂದ ಒಂದು ಕೆಂಪು ಗುಂಡಿ ಎತ್ತಿ ಸಂದಿಯೊಳಗೆ ತಳ್ಳಿದರು. ತೆಳ್ಳಗಿನ ಗುಂಡಿ; ಸಲೀಸಾಗಿ ಜಾರಿತು.

“ಇದು ನಂದು,” ಎಂದರು. “ನಂಗೆ ಈಗ ತಡೆಯೋಕಾಗ್ತಿಲ್ಲ ಪುಟ್ಟಿ.”

ಸಂದಿಯಿಂದ ಕೆಂಪು ಗುಂಡಿ ಹೊರಗೆ ಬಂತು. ಕೊಟ್ಟದ್ದನ್ನು ಹುಡುಗಿ ವಾಪಸು ಮಾಡಿದ್ದಳು.

ಅದರ ಹಿಂದೆ ಇನ್ನೊಂದು ಬಂತು. ಮತ್ತೊಂದು. ಅಂಚು ಒಡೆದದ್ದು, ದಾರದ ಎಳೆ ಸಿಕ್ಕಿಕೊಂಡದ್ದು, ಅಂಗೈಯ ಬೆವರಿಗೆ ಅಂಟಿ ಜೋಡಿಯಾದದ್ದು. ಬೆಳಬೆಳಗ್ಗೆ ಎತ್ತಿಕೊಂಡು, ಹಾಕಲು ಸಿಗದೆ, ಕಿಸೆಗೆ ಸೇರಿದ ಗುಂಡಿಗಳು. ಟೀಚರು ಬೇಗ ಬೇಗ ಎನ್ನಲಿಲ್ಲ. ಬಂದದ್ದನ್ನೆಲ್ಲ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತ ಹೋದರು.

ಗೇಟಿನ ಕಡೆಯಿಂದ ಅತಿಥಿಗಳ ಕಾರಿನ ಹಾರನ್ ಕೇಳಿಸಿತು. ಹೆಡ್ಮಾಸ್ಟರು ತಿರುಗಲಿಲ್ಲ. ಒಳಗೆ ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದಾಯಿತು, ನಿಂತಿತು, ಸಿಳ್ಳೆಯಂಥ ಉಸಿರೊಂದು ಮೇಲೆದ್ದಿತು, ಮತ್ತೆ ಕಬ್ಬಿಣ ಇನ್ನೊಂದಿಷ್ಟು ಉಜ್ಜಿತು. ಟೀಚರು ಪಂಪಿನ ಮುಚ್ಚಳ ತೆಗೆದು ಹಿಡಿದು, ಬಾಗಿಲಿಗೆ ಮುಖ ಮಾಡಿ ಕೂತರು. ಮಡಿಲಿನಿಂದ ಗುಂಡಿಯೊಂದು ಜಾರಿ, ಕಲ್ಲಿನ ಮೇಲೆ ಉರುಳುತ್ತ ಹೋಗಿ, ಲೀಡರ್ ಹುಡುಗಿಯ ಕಾಲ ಬಳಿ ಸುತ್ತಿ ಬಿತ್ತು.